ಇನ್ನೂರ ಹದಿನಾಲ್ಕು ಅಂಶಗಳ ನೆಮ್ಮದಿ

ಇನ್ನು ಮುಂದೆ ನನ್ನ ಬರವಣಿಗೆಯಲ್ಲಿ ಒಂದೇ ಒಂದು ವಾಕ್ಯವೂ ದಾರಿ ತಪ್ಪಿ ಅಲೆಯಕೂಡದೆಂದು ಸೋಮವಾರ ಬೆಳಿಗ್ಗೆ ಭೀಷಣ ಪ್ರತಿಜ್ಞೆ ಮಾಡಿದೆ. ಮಾಡದೆ ಇನ್ನೇನು? ಮಾಸಪತ್ರಿಕೆಯೊಂದರ ಸಂಪಾದಕಿ ನನ್ನ ಜೀವಮಾನದಲ್ಲೇ ಮೊದಲ ಬಾರಿಗೆ ಲೇಖನ ಕೇಳಿದ್ದರು. ವಿಷಯ: 'ಪುಟ್ಟ ಮಗುವಿರುವ ಮನೆಯಲ್ಲಿ ನೆಮ್ಮದಿ'. ಗಡುವು: ಶುಕ್ರವಾರ ಸಂಜೆ ಐದು ಗಂಟೆ. ತಪ್ಪಿದರೆ ಆ ಪುಟ ಇನ್ಯಾರಿಗೋ!

ಔಟ್‌ಲೈನ್ ಮಾಡುವ ತಂತ್ರಾಂಶವೊಂದನ್ನು ಇಳಿಸಿಕೊಂಡೆ. ಪರದೆಯ ಎಡಗಡೆ ಅದು, ಬಲಗಡೆ ವರ್ಡ್. ಎಡಗಡೆ ತಲೆಬರಹ, ಅದರ ಕೆಳಗೆ ಅಂಶ, ಅಂಶದ ಕೆಳಗೆ ಉಪಾಂಶ ಜೋಡಿಸುವುದು. ಬಲಗಡೆ ಅದನ್ನು ನೋಡಿಕೊಂಡು ಸರಸರ ಬರೆಯುವುದು. ಆಹಾ, ಎಂಥ ಶಿಸ್ತು!

ಆದರೆ ನನ್ನಂಥ ಪುಕ್ಕಲಿಯ ಕೈಗೆ ಉಪಾಂಶ ಸಿಕ್ಕಿದರೆ ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದಂತೆ. ಎಲ್ಲಕ್ಕೂ ಮೇಲೆ 'ನೆಮ್ಮದಿ' ಎಂಬ ತಲೆಬರಹ, ಅದರ ಕೆಳಗೆ 'ಜ್ವರ' ಎಂದು ಬರೆದೆ. ಅದರ ಕೆಳಗೆ 'ಥರ್ಮಾಮೀಟರ್'. ಅದರ ಕೆಳಗೆ 'ಥರ್ಮಾಮೀಟರ್ ಕೆಟ್ಟಿದ್ದರೆ?' ಅದರ ಕೆಳಗೆ 'ಕೆಟ್ಟಿರುವುದು ಗೊತ್ತೇ ಆಗದಿದ್ದರೆ?' ಗುರುವಾರದ ಹೊತ್ತಿಗೆ ಎಡಗಡೆ ಇನ್ನೂರ ಹದಿನಾಲ್ಕು ಅಂಶಗಳು. ಬಲಗಡೆ ಬರೀ ಶೀರ್ಷಿಕೆ!

ತಮ್ಮ ಕನ್ನಡಕದಂಗಡಿಗೆ ಹೊರಟಿದ್ದ ಗಂಡ ಬಗ್ಗಿ ನೋಡಿದರು.

"ಇದೇನೇ, ನನ್ನನ್ನ ಇಸ್ತ್ರಿಪೆಟ್ಟಿಗೆ ಕೆಳಗೆ ಹಾಕಿದ್ದೀಯ?"

"ಅದು 'ಮನೆಯೊಳಗಿನ ಅಪಾಯಗಳು' ರೀ. ಇಸ್ತ್ರಿಪೆಟ್ಟಿಗೆ ಆರಿಸೋಕೆ ಮರೆಯೋರು ಯಾರು?"

"ಸರಿ ತಾಯಿ. ಪಾಯವೇ ಮೂರು ಅಂತಸ್ತಾಯ್ತು, ಮನೆ ಕಟ್ಟೋದ್ಯಾವಾಗ?"

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಹಾಲು ಉಕ್ಕಿದ ವಾಸನೆ ಬಂದು ಅಡುಗೆಮನೆಗೆ ಓಡಿದೆ. ಒಲೆ ಒರೆಸಿ ಬಂದು ನೋಡಿದರೆ ಎಡಗಡೆ ಒಂದೇ ಸಾಲು: 'ನೆಮ್ಮದಿ'. ಮಿಕ್ಕ ಇನ್ನೂರ ಹದಿಮೂರೂ ಮಾಯ! ಗಂಡನಿಗೆ ಫೋನ್ ಮಾಡಿದೆ.

"ರೀ, ಎಲ್ಲಾ ಹೋಯ್ತು! ನೆಮ್ಮದಿ ಒಂದೇ ಉಳಿದಿರೋದು!"

"ಮತ್ತೆ ಅಳ್ತಿರೋದ್ಯಾಕೆ?"

ಈ ಮನುಷ್ಯನ ಹತ್ತಿರ ಏನು ಮಾತು! ಫೋನ್ ಇಟ್ಟು, ವರ್ಡ್‌ನಲ್ಲಿ ಸಂಪಾದಕಿಗೆ ಕ್ಷಮಾಪಣೆ ಪತ್ರ ಶುರುಮಾಡಿದೆ. ಥರ್ಮಾಮೀಟರ್, ಇಸ್ತ್ರಿಪೆಟ್ಟಿಗೆ, ಉಕ್ಕಿದ ಹಾಲು, ಮಗಳು ಐದು ನಿಮಿಷ ಸದ್ದಿಲ್ಲದೆ ಆಡಿಕೊಂಡಿದ್ದರೆ ನನ್ನ ಎದೆ ಡವಗುಟ್ಟುವುದು... ಮೂಗೊರೆಸಿಕೊಳ್ಳುತ್ತ ನಾಲ್ಕು ಪುಟ! ಐದಕ್ಕೆ ಹತ್ತು ನಿಮಿಷವಿರುವಾಗ ಕಳಿಸಿಯೂ ಬಿಟ್ಟೆ.

ನಾಲ್ಕು ವರ್ಷದ ಮಗಳು ಬಂದು ತೊಡೆಗೊರಗಿದಳು.

"ಯಾಕಮ್ಮಾ ಅಳ್ತಿದ್ದೀಯ?"

"ಅಮ್ಮ ಬರೆದಿದ್ದೆಲ್ಲ ಕಳೆದುಹೋಯ್ತು ಪುಟ್ಟಿ."

"ಕಳೆದಿಲ್ಲ. ನಾನೇ ಮಡಚಿಟ್ಟಿದ್ದೀನಿ."

ಮೌಸ್ ಹಿಡಿದು 'ನೆಮ್ಮದಿ'ಯ ಪಕ್ಕದ ಪುಟಾಣಿ ತ್ರಿಕೋನ ಒತ್ತಿದಳು. ಇನ್ನೂರ ಹದಿಮೂರು ಚಿಂತೆಗಳು ದಬದಬನೆ ಕೆಳಗಿಳಿದವು!

"ಹರಡಿದ್ದನ್ನೆಲ್ಲ ಮಡಚಿಡಬೇಕು ಅಂತ ಬಟ್ಟೆ ಮಡಚೋವಾಗ ನೀನೇ ಹೇಳ್ತೀಯಲ್ಲ!"

ಅಷ್ಟರಲ್ಲಿ, ಕೊನೆಗೂ ಗಿರಾಕಿಗಳನ್ನೆಲ್ಲ ಸಾಗಹಾಕಿ ಅಂಗಡಿ ಬಿಟ್ಟು ಓಡೋಡಿ ಬಂದ ಗಂಡ, ಏದುಸಿರು ಬಿಡುತ್ತ ಪರದೆ ನೋಡಿ, "ಅಯ್ಯೋ, ಮತ್ತೆ ಇಸ್ತ್ರಿಪೆಟ್ಟಿಗೆ ಕೆಳಗೇ ಬಂದೆನಲ್ಲೇ!" ಎಂದರು. ನನ್ನ ಫೋನ್ ಬಡಿದುಕೊಂಡಿತು. ಸಂಪಾದಕಿ!

"ನಿಮ್ಮ ಪತ್ರ ಓದಿ ನಕ್ಕು ನಕ್ಕು ಸಾಕಾಯ್ತು ರೀ! ಹೀಗೇ ಹಾಕ್ತೀವಿ. ಆದ್ರೆ ಗೃಹನೆಮ್ಮದಿ ಪುಟದಲ್ಲಲ್ಲ, ಹಾಸ್ಯದ ಪುಟದಲ್ಲಿ. ಎಷ್ಟು ಸರಾಗವಾಗಿದೆ! ಔಟ್‌ಲೈನ್ ಮಾಡ್ಕೊಂಡು ಬರೆದ್ರಾ?"

ಪರದೆಯತ್ತ ನೋಡಿದೆ. ಮಗಳು ಅಷ್ಟರಲ್ಲೇ ಎಲ್ಲವನ್ನೂ ಮತ್ತೆ ಅಚ್ಚುಕಟ್ಟಾಗಿ ಮಡಚಿಟ್ಟಿದ್ದಳು.

"ಹೂಂ ಮೇಡಂ," ಎಂದೆ. "ಒಂದೇ ಒಂದು ಸಾಲಿಂದು. ಅದನ್ನೂ ಮಗಳೇ ಮಾಡಿಕೊಟ್ಟಿದ್ದು."