ಲಂಕೆಗೆ ಹೊರಟ ಕಟಕ ರೊಟ್ಟಿ

ಯಾರೋ ಒಳ್ಳೆಯ ಕೆಲಸ ಮಾಡುತ್ತಿದ್ದಾರೆಂದು ಕಿವಿಗೆ ಬಿದ್ದರೆ ನನಗೆ ಸಮಾಧಾನವಿರುವುದಿಲ್ಲ. ಅದರಲ್ಲಿ ಅವರಿಗೇನು ಗಿಟ್ಟುತ್ತದೆಂಬುದು ತಿಳಿಯುವವರೆಗೆ ಚಡಪಡಿಸುತ್ತೇನೆ. ಹುಟ್ಟುಗುಣ ಎನ್ನೋಣವೆಂದರೆ, ನನ್ನ ತಂದೆ ಕೇಳಿದವರಿಗೆಲ್ಲ ಸೈಕಲ್ಲು ಕೊಟ್ಟು ತಾವು ನಡೆದುಕೊಂಡು ಬರುತ್ತಿದ್ದ ಮನುಷ್ಯ. ಬಹುಶಃ ಆ ಸೈಕಲ್ಲುಗಳ ಗತಿ ನೋಡಿಯೇ ನಾನು ಹೀಗಾದೆ.

ಸುನಾಮಿ ಬಂದಾಗ ನಾನು ಇಳಕಲ್ಲಿನಲ್ಲಿ ಹೈಸ್ಕೂಲು ಮಾಸ್ತರನಾಗಿದ್ದೆ. ಎದುರುಮನೆಯ ಶಂಕ್ರವ್ವ ಸೀರೆ ನೇಯುವಾಕೆ. ಲಂಕೆಯ ದಡದ ಊರುಗಳು ಕೊಚ್ಚಿಹೋಗಿದ್ದನ್ನು ಟೀವಿಯಲ್ಲಿ ನೋಡಿದ್ದೇ ತಡ, ಮಗ್ಗ ನಿಲ್ಲಿಸಿ, ಬುಟ್ಟಿ ಹಿಡಿದು ಓಣಿಯ ಮನೆಮನೆಗೆ ಬಂದಳು. ಕೇಳಿದ್ದು ರೊಕ್ಕವಲ್ಲ, ಬಟ್ಟೆಯಲ್ಲ, ಒಣಗಿಸಿದ ಜೋಳದ ಕಟಕ ರೊಟ್ಟಿ!

“ಒಲಿ ಹೊತ್ತಸಾಕ ಮನೀನ ಉಳದಿಲ್ಲ ಅವ್ರಿಗೆ. ಅಕ್ಕಿ ಕಳಿಸಿದ್ರ ಹಸೀದ ಮುಕ್ಕಬೇಕೇನ್ರಿ ಮಾಸ್ತರ? ನಮ್ಮ ರೊಟ್ಟಿ ತಿಂಗಳಾದ್ರೂ ಕೆಡಂಗಿಲ್ಲ.”

“ಲಂಕಾಕ್ಕ ಹೆಂಗ ಮುಟ್ಟತಾವು?”

“ನನ್ನ ತಮ್ಮ ಮಾನಪ್ಪ ಗ್ರಾನೈಟ್ ಲಾರಿ ಹೊಡೀತಾನಲ್ರಿ. ಮದ್ರಾಸ್ ಬಂದರಕ್ಕ ಹೊಂಟಾನ. ಅಲ್ಲಿಂದ ಹಡಗ ಹೋಗ್ತಾವಂತ.”

ಲಾರಿ ಎಂದಳು, ತಮ್ಮ ಎಂದಳು. ನನಗೆ ಅಷ್ಟು ಸಾಕಾಯಿತು. ದಾರಿಯುದ್ದಕ್ಕೂ ಖಾನಾವಳಿಗಳು, ಮಾರಲು ಬಂದ ಕಟಕ ರೊಟ್ಟಿ ಬೇಡವೆನ್ನುವ ಖಾನಾವಳಿ ನಮ್ಮ ಸೀಮೆಯಲ್ಲಿ ಎಲ್ಲಿದೆ? ನನ್ನ ಹೆಂಡತಿ ಮಾತ್ರ ಹಿಂದೆಮುಂದೆ ನೋಡದೆ ರೊಟ್ಟಿ ಬಡಿಯಲು ಕೂತಳು. ಆ ಸದ್ದಿಗೆ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಲಾರಿ ಹೊರಡುವ ದಿನ, “ಕುಷ್ಟಗ್ಯಾಗ ಸ್ವಲ್ಪ ಕೆಲಸ ಐತಿ” ಎಂದು ಹೇಳಿ ಹತ್ತಿ ಕೂತೆ. ಶಂಕ್ರವ್ವನಿಗೆ ಖುಷಿಯೋ ಖುಷಿ. “ಮಾಸ್ತರು ಸಂಗಾಟ ಇದ್ರ ನನಗ ಚಿಂತಿಲ್ಲ” ಎಂದು ಬಿಳಿ ಬಟ್ಟೆಯ ಗಂಟುಗಳನ್ನು ನನ್ನ ತೊಡೆಯ ಮೇಲೇ ಇಟ್ಟಳು.

ಕುಷ್ಟಗಿಯಲ್ಲಿ ಮಾನಪ್ಪ ಒಂದು ಖಾನಾವಳಿಯ ಮುಂದೆಯೇ ಲಾರಿ ನಿಲ್ಲಿಸಿದ. ನನ್ನ ಎದೆ ಢವಢವ ಎಂದಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅದು ಸಂತೋಷದಿಂದ. ಅವನು ಇಳಿದು ಒಳಗೆ ಹೋಗಿಬಂದು ಗಂಟಿಗೆ ಕೈ ಹಾಕಿದ. ನಾನು ಎರಡೂ ಕೈಯಿಂದ ಅಪ್ಪಿಕೊಂಡೆ.

“ಎಲ್ಲಿಗೆ ಒಯ್ಯಾಕತ್ತಿ?”

“ಆ ಲಾರಿಗ್ರಿ. ನನ್ನ ಲೋಡ್ ಮಂಗಳೂರಿಗೆ ಅಂತ ಈಗ ಫೋನ್ ಬಂತು. ನನ್ನ ದೋಸ್ತ ಮದ್ರಾಸಿಗೆ ಹೊಂಟಾನ.”

“ಇದನ್ನ ನಂಬಾಕ ನಾ ಹುಚ್ಚ ಅಲ್ಲ. ಬಿಡಂಗಿಲ್ಲ!”

ಅವನು ಎಳೆದ, ನಾನೂ ಎಳೆದೆ. ಒಳಗೆ ಎರಡು ರೊಟ್ಟಿ ಪಟಪಟನೆ ಮುರಿದ ಸದ್ದು ಕೇಳಿತು. ಜನ ಸೇರಿದರು. “ಯಾರೋ ಗಂಟು ಹೊಡಿಯಾಕ ಬಂದಾನ, ಹಿಡೀರಲೇ!” ಎಂದು ಒಬ್ಬ ಕೂಗಿದ. ಅವನು ತೋರಿಸುತ್ತಿದ್ದುದು ನನ್ನನ್ನು. ಮಾನಪ್ಪನೇ ಅಡ್ಡ ನಿಂತು, “ನಮ್ಮ ಮಾಸ್ತರು ಅದಾರ, ಬಿಡ್ರಿ” ಎಂದು ಬಿಡಿಸಿದ. ಆ ಕಡೆ ದೋಸ್ತ ಹಾರನ್ನು ಬಾರಿಸುತ್ತಲೇ ಇದ್ದ.

“ನಂಬಿಕಿ ಇಲ್ಲಂದ್ರ ನೀವ ಹೋಗಿಬರ್ರಿ ಮದ್ರಾಸಿಗೆ. ಇಲ್ಲಂದ್ರ ಬಿಡ್ರಿ. ಹಸದ ಮಂದಿ ಕಾಯಾಕತ್ತಾರ,” ಎಂದ ಮಾನಪ್ಪ. ಸಿಟ್ಟಿರಲಿಲ್ಲ, ದಣಿವಿತ್ತು.

ಮರುದಿನ ಶಾಲೆಯಿತ್ತು. ಹಿಡಿತ ಬಿಟ್ಟೆ. ಗಂಟುಗಳು ಹೋದವು. ಯಾವ ಹಡಗು ಹತ್ತಿದವೋ, ಯಾವ ಕೈ ಸೇರಿದವೋ, ಇಂದಿಗೂ ನನಗೆ ಗೊತ್ತಿಲ್ಲ.

ಬಸ್ಸಿನಲ್ಲಿ ಇಳಕಲ್ಲಿಗೆ ಬಂದರೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕಾದಿದ್ದರು. “ಮುಟ್ಟತಾವೇನ್ರಿ?”

“ಬ್ಯಾರೆ ಲಾರಿಗೆ ಹಾಕಿದ್ವಿ. ಡ್ರೈವರ್ ಯಾರೋ, ಹೆಸರು ಕೇಳಲಿಲ್ಲ. ಮುಟ್ಟತಾವು,” ಎಂದೆ. ಹೇಳುತ್ತ ಹೇಳುತ್ತ ನನಗೇ ಅದು ಕಟ್ಟುಕಥೆಯಂತೆ ಕೇಳಿಸಿತು.

ಶಂಕ್ರವ್ವ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, “ಮಾಸ್ತರು ಅಂದಮ್ಯಾಲ ಮುಟ್ಟಿದಂಗ” ಎಂದು ಒಳಗೆ ಹೋಗಿ ಮಗ್ಗದ ಮುಂದೆ ಕೂತಳು. ನನ್ನ ಹೆಂಡತಿಯೂ ಸೇರಿದಂತೆ ಉಳಿದವರೆಲ್ಲ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು.