ಗೋಡೆಗೊಂದು ಅಪೀಲು

ನನ್ನ ಹೆಂಡತಿ ಎದುರಾಳಿಯ ಪಕ್ಷ ಸೇರಿದ್ದಾಳೆಂಬ ಗುಮಾನಿ ನನಗೆ ಬಂದದ್ದು ತೀರ್ಪು ಬಂದ ದಿನವೇ.

ಎದುರಾಳಿಯೆಂದರೆ ಪಕ್ಕದ ಮನೆಯ ಹಲ್ಲಿನ ಡಾಕ್ಟರು. ನಮ್ಮ ಅಂಗಳದ ಬಿಸಿಲನ್ನೆಲ್ಲ ನುಂಗುವಂತೆ ಗೋಡೆ ಎಬ್ಬಿಸಿದ್ದರು. ಸಾಲದ್ದಕ್ಕೆ ಇನ್ನೊಂದು ಮಗ್ಗುಲಲ್ಲಿ ದವಾಖಾನೆಯ ಕಿಟಕಿಯನ್ನು ನಮ್ಮ ಅಡುಗೆಮನೆಗೆ ನೇರವಾಗಿ ಇಟ್ಟಿದ್ದರು. ಎರಡರ ಮೇಲೂ ದಾವೆ ಹೂಡಿದೆ. ಆರು ವರ್ಷ ಕಳೆದ ಮೇಲೆ ನ್ಯಾಯಾಧೀಶರು, ಕಿಟಕಿ ಮುಚ್ಚಬೇಕು, ಗೋಡೆ ಇರಲಿ ಎಂದರು.

"ಕಿಟಕಿ ಮುಚ್ತಾರಲ್ಲ, ಬಿಟ್ಬಿಡಿ," ಎಂದಳು ಇವಳು.

"ಬಿಡೋದಾ? ಮೇಲಿನ ಕೋರ್ಟಿಗೆ ಅಪೀಲು ಹೋಗ್ತೀನಿ. ಮೂವತ್ತು ದಿನ ಟೈಮಿದೆ."

"ಆ ಮೂವತ್ತು ದಿನ ಸುಮ್ನೆ ಇರಕ್ಕಾಗಲ್ವಾ ನಿಮಗೆ?"

ಕೇಳಿದಿರಾ? ಲೆಕ್ಕವಾಗಿ ಮೂವತ್ತೇ ದಿನ! (ಗಡುವು ದಾಟಿಸುವ ಸಂಚಲ್ಲದೆ ಮತ್ತೇನು?) ಅಂದಿನಿಂದ ಪತ್ತೇದಾರಿಕೆಗೆ ಇಳಿದೆ. ಪ್ರತಿ ಮಧ್ಯಾಹ್ನ ಗೇಟಿನ ಬಳಿ ಇವಳೂ ಡಾಕ್ಟರ ಹೆಂಡತಿಯೂ ಪಿಸುಗುಡುತ್ತಿದ್ದರು. ಬಟ್ಟೆ ಒಣಹಾಕುವ ನೆವದಲ್ಲಿ ನಾನು ಹತ್ತಿರ ಹೋದರೆ ಮಾತು ತಟಕ್ಕನೆ ಮೆಣಸಿನಕಾಯಿ ಗಿಡಕ್ಕೆ ಹಾರುತ್ತಿತ್ತು. ತೀರ್ಪಿನ ನಕಲನ್ನು ಹಾಸಿಗೆಯಡಿ ಬಚ್ಚಿಟ್ಟು ಅದರ ಮೇಲೇ ಮಲಗಿದೆ. ನಮ್ಮ ವಕೀಲರು, "ಸಾರ್, ಯೋಚನೆ ಮಾಡಿ, ಗೆದ್ದಿರೋದೂ..." ಎಂದು ಶುರುಮಾಡಿದಾಗ ಅವರ ಮೇಲೂ ಅನುಮಾನ ಬಂತು. ಇತ್ತೀಚೆಗೆ ಅವರ ಹಲ್ಲು ವಿಪರೀತ ಹೊಳೆಯುತ್ತಿತ್ತು!

ಇಪ್ಪತ್ತೊಂಬತ್ತನೆಯ ದಿನ, ಕ್ಷೌರಕ್ಕೆಂದು ಸುಳ್ಳು ಹೇಳಿ ಹೊರಟವನು ಗೋಡೆಯ ವಿರುದ್ಧ ಮೇಲ್ಮನವಿ ಸಲ್ಲಿಸಿಯೇಬಿಟ್ಟೆ. ಡಾಕ್ಟರಿಗೆ ನೋಟಿಸು ಹೋಯಿತು. ಮುಂದಿನ ವಾಯಿದೆಯಲ್ಲಿ ಅವರ ವಕೀಲರು ಎದ್ದು ನಿಂತು, "ಅವರು ಗೋಡೆ ಬಗ್ಗೆ ಬಂದಿದ್ದಾರೆ ಸ್ವಾಮಿ. ಹಾಗಾದ್ರೆ ಕಿಟಕಿ ಬಗ್ಗೆ ನಮ್ಮದೂ ಒಂದು ಪ್ರತಿ ಆಕ್ಷೇಪಣೆ ಇದೆ," ಎಂದರು.

ಮನೆಗೆ ಬಂದವನೇ ಗುಡುಗಿದೆ: "ಈ ಉಪಾಯ ಅವರಿಗೆ ಹೇಳಿಕೊಟ್ಟೋರು ಯಾರು?"

"ನೀವೇ! ಅವರಿಗೂ ಇದ್ದದ್ದು ಅದೇ ಮೂವತ್ತು ದಿನ. ಅಪೀಲು ಬೇಡ ಅಂತ ಡಾಕ್ಟರ ಹೆಂಡತಿ ಕೈಲಿ ಗಂಡನಿಗೆ ಹೇಳಿಸಿ ಹೇಳಿಸಿ ಗಡುವು ಮುಗಿಸಿದ್ದೆ. ನಿಮ್ಮ ಅಪೀಲು ಹೋಯ್ತು ನೋಡಿ, ಮುಚ್ಚಿಹೋಗಿದ್ದ ದಾರಿ ಅವರಿಗೆ ತೆರಕೊಳ್ತು."

ಮೇಲಿನ ಕೋರ್ಟು ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸಿ ಅಪ್ಪಣೆ ಕೊಡಿಸಿತು: ಗೋಡೆ ಇರಲಿ, ಕಿಟಕಿಯೂ ಇರಲಿ.

"ಎರಡನೇ ಅಪೀಲು..." ಎಂದೆ. ಇವಳು ಸೌಟನ್ನು ನನ್ನ ಕೈಗಿತ್ತು ಅಡುಗೆಮನೆಯಿಂದ ಶಾಶ್ವತವಾಗಿ ನಿರ್ಗಮಿಸಿದಳು.

ಈಗ ಒಲೆಯ ಮುಂದೆ ದಿನವೂ ನಾನೇ. ಎದುರಿನ ಕಿಟಕಿಯಲ್ಲಿ ಕುರ್ಚಿಗೊರಗಿದ ರೋಗಿಗಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಾರೆ. ನಿನ್ನೆ ಒಬ್ಬರು ಡಾಕ್ಟರ ಕೈ ತಳ್ಳಿ, ಬಾಯಲ್ಲಿದ್ದ ಹತ್ತಿ ಉಗುಳಿ ಕೂಗಿದರು:

"ಸಾರ್, ತಳ ಹಿಡೀತಿದೆ!"