ನಾಲ್ಕು ಸಾವಿರ ಪದಗಳ ಗುಮಾಸ್ತ

ಸಾಬೂನು ಕಾರ್ಖಾನೆಯ ಉಗ್ರಾಣದ ಗುಮಾಸ್ತ ಕೆಲಸದ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದಿದ್ದ: ಪರದೇಶದ ಒಂದು ಭಾಷೆ ಬರುತ್ತದೆ ಎಂದು. ಪೂರ್ತಿ ಸುಳ್ಳೇನಲ್ಲ. ಸಂಜೆ ಹೊತ್ತು ಕೂತು ಆ ಭಾಷೆಯ ನಿಘಂಟನ್ನು ಬಾಯಿಪಾಠ ಮಾಡಿದ್ದ. ನಾಲ್ಕು ಸಾವಿರ ಪದ. ಎಲ್ಲರೂ ಅವನನ್ನು ನಿಘಂಟು ಎಂದೇ ಕರೆಯುತ್ತಿದ್ದರು. ಆ ಭಾಷೆಯಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲ, ಅಷ್ಟೇ.

ಸಾಬೂನಿಗೆ ಕಾಗದ ಸುತ್ತುವ ಯಂತ್ರ ಕೆಟ್ಟಿತು. ಅದನ್ನು ಮಾರಿದ್ದು ಆ ಭಾಷೆಯ ದೇಶದ ಕಂಪನಿ; ಅಲ್ಲಿಂದಲೇ ಮೆಕ್ಯಾನಿಕ್ ಬಂದಿಳಿದ.

"ನೀನೇ ನಿಂತು ಮಾತಾಡಿಸು," ಎಂದರು ಮಾಲೀಕರು. "ಸಂಜೆಯೊಳಗೆ ಯಂತ್ರ ತಿರುಗ್ಲಿಲ್ಲ ಅಂದ್ರೆ ನಾಳೆಯಿಂದ ನೀನು ಬರೋದು ಬೇಡ."

ನಿಘಂಟು ಗಂಟಲು ಸರಿಮಾಡಿಕೊಂಡು ಸ್ವಾಗತದ ಮೂರು ಪದ ಜೋಡಿಸಿದ. ಮೆಕ್ಯಾನಿಕ್ ಪಿಳಿಪಿಳಿ ಕಣ್ಣು ಬಿಟ್ಟು, ಆಮೇಲೆ ತೂತು ಬಿದ್ದ ಮೂಟೆಯಿಂದ ಕಾಳು ಸುರಿದ ಹಾಗೆ ಮಾತು ಸುರಿಸಿದ. ನಿಘಂಟಿನ ಕೈಗೆ ಒಂದು ಕಾಳೂ ಸಿಗಲಿಲ್ಲ. ಉಚ್ಚಾರಣೆಯನ್ನೂ ಕಲಿಯಬೇಕಿತ್ತು ಎಂದು ತನ್ನನ್ನೇ ಬೈದುಕೊಂಡ.

"ಏನಂತೆ ನಿಘಂಟು?" ಪ್ಯಾಕಿಂಗ್‌ನವರೆಲ್ಲ ಕೆಲಸ ಬಿಟ್ಟು ಸುತ್ತುವರಿದರು.

"ತಾಳ್ರಪ್ಪ, ವಾಕ್ಯ ಮುಗೀಲಿ."

"ಮುಗಿದು ಕಾಲು ಗಂಟೆ ಆಯ್ತು."

ಕಸ ಗುಡಿಸುತ್ತಿದ್ದ ದೊಡ್ಡಮ್ಮ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ಕರೆಂಟ್ ತೆಗೀರಿ ಅಂತಿದಾನೆ ಕಣಪ್ಪ. ಸ್ವಿಚ್ ನೋಡ್ತಾನೆ, ಕೈ ಹಿಂದಕ್ಕೆ ಎಳ್ಕೋತಾನೆ. ಕಾಣಲ್ವಾ?"

"ವಿದ್ಯುತ್ ಸಂಪರ್ಕ ಕಡಿತಗೊಳಿಸಬೇಕಂತೆ," ಎಂದು ನಿಘಂಟು ಗಂಭೀರವಾಗಿ ಸಾರಿದ.

ಕಡಿತಗೊಳಿಸಿದರು. ಮೆಕ್ಯಾನಿಕ್‌ನ ಮುಖ ಅರಳಿತು.

ಅಲ್ಲಿಂದ ದೊಡ್ಡಮ್ಮ ಗುಡಿಸಿದ ಜಾಗವನ್ನೇ ಗುಡಿಸುತ್ತ ಉಳಿದಳು. "ಇಷ್ಟು ಎಣ್ಣೆ ಸುರಿದ ಪುಣ್ಯಾತ್ಮ ಯಾರು ಅಂತ ಬೈತಿದಾನೆ." "ಈಗ ಹಸಿವಂತೆ, ಪಾಪ." ಅವಳು ಹೇಳಿದ್ದನ್ನೆಲ್ಲ ನಿಘಂಟು ಗ್ರಂಥದ ಭಾಷೆಗೆ ತಿರುಗಿಸಿದ. ಸಂಜೆಗೆ ಯಂತ್ರವೂ ತಿರುಗಿತು.

ಮೆಕ್ಯಾನಿಕ್ ಹೊರಟ ಮೇಲೆ ಮಾಲೀಕರು ನಿಘಂಟನ್ನು ಕೋಣೆಗೆ ಕರೆಸಿದರು. ಕೈಯಲ್ಲೊಂದು ಕಾಗದವಿತ್ತು. "ಕಂಪನಿಯವರು ಕ್ಷಮೆ ಕೇಳಿದಾರೆ. ತಮ್ಮವನಿಗೆ ಹುಷಾರಿಲ್ಲ ಅಂತ ಬೇರೆ ದೇಶದವನನ್ನ ಕಳಿಸಿದ್ರಂತೆ. ಇವನಿಗೆ ಆ ಭಾಷೆ ಒಂದಕ್ಷರ ಬರಲ್ವಂತೆ."

ನಿಘಂಟು ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ.

"ಅಂದ್ರೆ ನಿಂಗೆ ಎರಡು ಭಾಷೆ ಬರುತ್ತೆ. ಹೇಳ್ಲೇ ಇಲ್ವಲ್ಲಯ್ಯ, ಅದೆಂಥ ಸಂಕೋಚ. ನಾಳೆಯಿಂದ ಪರದೇಶದ ಫೋನೆಲ್ಲ ನಿನ್ನ ಮೇಜಿಗೇ."

ನಿಘಂಟು ಓಡಿಹೋಗಿ ದೊಡ್ಡಮ್ಮನ ಪೊರಕೆ ಹಿಡಿದುಕೊಂಡ. "ದೊಡ್ಡಮ್ಮ, ನಾಳೆಯಿಂದ ನನ್ನ ಮೇಜಿನ ಸುತ್ತ ಗುಡಿಸ್ತೀರಾ?"

"ಗುಡಿಸೋಣಂತೆ. ಯಾರು ಬರ್ತಾರೆ?"

"ಯಾರೂ ಬರಲ್ಲ. ಫೋನಲ್ಲಿ ಮಾತಾಡ್ತಾರೆ."

ದೊಡ್ಡಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿ, ಮೆಲ್ಲನೆ ಪೊರಕೆ ಬಿಡಿಸಿಕೊಂಡಳು.

"ಬೇರೆ ಕೆಲಸ ನೋಡ್ಕೋ ಮಗ."